ದಿನೇಓ

ಕಾಲೇಜಿನಿಂದ ಬಂದ ಕಾಗದದಲ್ಲಿ ಇದ್ದದ್ದು ಇಷ್ಟೇ:
ವಿದೇಶಿ ವಿದ್ಯಾರ್ಥಿನಿ, ಒಬ್ಬಳು, ನಲವತ್ತು ದಿನ,
ವಿಷಯ ಉಣ್ಣೆ.
ಉಳಿದದ್ದನ್ನು ಹಟ್ಟಿಯವರು ತಾವೇ ಬರೆದುಕೊಂಡರು.
ಬೆಳ್ಳಗಿರುತ್ತಾಳೆ, ಬಿಸಿಲಿಗೆ ಕೆಂಪಗಾಗುತ್ತಾಳೆ,
ಖಾರ ತಿಂದರೆ ಆಸ್ಪತ್ರೆ.
ಸೊಸೈಟಿಯ ಓಬಳೇಶಪ್ಪ ಚಳ್ಳಕೆರೆಗೆ ಹೋಗಿ
ಎರಡು ಬ್ರೆಡ್ಡು, ಒಂದು ಬಾಟಲಿ ಜಾಮು ತಂದ.
ನಾನು ಕೋಣೆಯ ಶೇಂಗಾ ಚೀಲ ಸರಿಸಿ
ಗೋಡೆಗೆ ಸುಣ್ಣ ಬಳಿದೆ.
ಒಂದು ಸಲ ಸಾಲಲಿಲ್ಲ,
ಎರಡನೇ ಸಲಕ್ಕೆ ಸುಣ್ಣವಿರಲಿಲ್ಲ.

ಮಧ್ಯಾಹ್ನದ ಬಸ್ಸಿನಿಂದ ಇಳಿದವರು ಮೂವರು:
ಬಳೆಗಾರ ಸಾಬರ ಮೊಮ್ಮಗ, ಲೈನ್‌ಮನ್ನು,
ಕೊನೆಗೆ ಒಬ್ಬ ಕಪ್ಪು ಹುಡುಗಿ,
ನನ್ನ ತಂಗಿಗಿಂತ ಒಂದೇ ಒಂದು ಬಣ್ಣ ಹೆಚ್ಚು,
ಬೆನ್ನಿಗೆ ತನ್ನಷ್ಟೇ ಎತ್ತರದ ಚೀಲ.
ಓಬಳೇಶಪ್ಪ ಅವಳನ್ನು ದಾಟಿ
ಬಸ್ಸಿನೊಳಗೆ ಇಣುಕಿದ,
ಬರಬೇಕಾದವಳು ಇನ್ನೂ ಒಳಗಿದ್ದಾಳೇನೋ ಎಂಬಂತೆ.
ಕಂಡಕ್ಟರು ಸೀಟಿ ಊದಿದ.
ಧೂಳು ಇಳಿಯುವ ತನಕ ಯಾರೂ ಮಾತಾಡಲಿಲ್ಲ.
ಆ ಗಳಿಗೆಯ ನಾಚಿಕೆಯನ್ನು
ಎಲ್ಲಿಡಬೇಕೋ ತಿಳಿಯದೆ
ಇನ್ನೂ ಕೈಯಲ್ಲೇ ಹಿಡಿದಿದ್ದೇನೆ.

ಕಾಗದದಲ್ಲಿ ಲಿನೇಓ, ಬಾಯಲ್ಲಿ ದಿನೇಓ.
ಅವರ ಮಾತಿನಲ್ಲಿ ಇಕಾರ ಬಂದರೆ ಲ ಹೋಗಿ ದ ಆಗುತ್ತದಂತೆ,
ಹತ್ತನೇ ಕ್ಲಾಸಿನ ನನ್ನ ಮಗಳು ಬಿಡಿಸಿ ಹೇಳಿದಳು.
ಅತ್ತೆಗೆ ಕಿವಿ ಮಂದ.
"ದಿನಾ... ಓ?" ಎಂದಳು ಮೈಲಾರಮ್ಮ, ಕದಿರು ನಿಲ್ಲಿಸದೆ.
"ಚಂದೈತೆ ಬಿಡು.
ಕೂಗೋದೂ ಓ ಅನ್ನೋದೂ ಒಂದೇ ಹೆಸ್ರಾಗೈತೆ.
ಈ ಮನ್ಯಾಗೆ ಕೂಗಿದ್ರೆ ಓ ಅನ್ನೋರೇ ಇಲ್ಲ"
ಎಂದು ನನ್ನ ಕಡೆ ನೋಡಿದಳು.

ಚೀಲದಿಂದ ಪುಸ್ತಕ ಬಂತು, ಎಳೆ ಅಳೆಯುವ ಯಂತ್ರ ಬಂತು,
ನಲವತ್ತೆರಡು ಪ್ರಶ್ನೆ ಬಂದವು.
ಮನೆಯಲ್ಲಿ ಎಷ್ಟು ಜನ? ಅತ್ತೆ ಎಣಿಸಿದಳು,
ಸತ್ತವರು ಇಬ್ಬರನ್ನೂ ಗಬ್ಬದ ಕುರಿಯನ್ನೂ ಸೇರಿಸಿ.
ವಾರಕ್ಕೆ ಎಷ್ಟು ಗಂಟೆ ನೂಲುತ್ತೀರಿ?
"ಬಾಯಿ ಸುಮ್ನಿದ್ದಾಗೆಲ್ಲ ಕೈ ನೂಲ್ತೈತೆ."
ಮಗಳು ಅದನ್ನು ಇಂಗ್ಲಿಷಿಗೆ ತರಲು ಒದ್ದಾಡಿದಳು.
ಹುಡುಗಿ ಪೆನ್ನು ಎತ್ತಿ ಕಾದಳು,
ಆಮೇಲೆ ಆ ಕಲಮು ಖಾಲಿ ಬಿಟ್ಟಳು.

ಬ್ರೆಡ್ಡು ಮಕ್ಕಳ ಪಾಲಾಯಿತು.
ಅವಳು ಮುದ್ದೆ ಮುರಿದು, ಅಂಗೈಯಲ್ಲಿ ಉರುಳಿಸಿ,
ನಮ್ಮವಳಂತೆಯೇ ಸಾರಿಗೆ ಅದ್ದಿ...
ಅಗಿದಳು!
ಆಗ ಮಾತ್ರ ಹಟ್ಟಿಗೆ ಹಟ್ಟಿಯೇ ನಕ್ಕಿತು,
ಅವಳೂ ನಕ್ಕಳು, ಬಾಯಿ ತುಂಬ ರಾಗಿ.

ರಾತ್ರಿ ಕಾವಲಿನ ಕಡೆಯಿಂದ ಗಾಳಿ ಎದ್ದಿತು.
ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಂಪು ದೀಪ
ಹತ್ತಿ ಆರಿ ಹತ್ತಿ.
ಹೊದೆಯಲು ಕೊಟ್ಟ ಕರಿ ಕಂಬಳಿಯನ್ನು
ಅವಳು ಮೊದಲು ಮೂಸಿದಳು,
ಬೆರಳಲ್ಲಿ ಹುಣಸೆ ಬೀಜದ ಗಂಜಿಯ ಬಿರುಸು ನೋಡಿದಳು,
ಆಮೇಲೆ ಹೆಗಲಿಗೆ ಹೊದ್ದು ಎದೆಯ ಮುಂದೆ ಪಿನ್ನು ಚುಚ್ಚಿ
ನೆಟ್ಟಗೆ ನಿಂತಳು.
ನಾವು ಯಾರೂ ಕಂಬಳಿಯನ್ನು ಹಾಗೆ ಹೊದ್ದಿಲ್ಲ.
ಮದುವಣಗಿತ್ತಿ ನಿಂತ ಹಾಗಿತ್ತು.

ಅವರ ಬೆಟ್ಟಗಳಲ್ಲಿ ಮದುವೆಗೂ ಕಂಬಳಿ, ಹೆರಿಗೆಗೂ ಕಂಬಳಿ,
ಕುರಿ ಕಾಯುವ ಹುಡುಗನಿಗೆ ಅದೇ ಮನೆ.
ಆದರೆ ಕುರಿ ಅವರದು, ಉಣ್ಣೆ ಹಡಗು ಹತ್ತುತ್ತದೆ,
ಕಂಬಳಿ ಬೇರೆ ದೇಶದ ಮಿಲ್ಲಿನಿಂದ ಬರುತ್ತದೆ.
"ನೇಯುವ ಕೈ ನೋಡಲು ಬಂದೆ"
ಎಂದಳಂತೆ. ಮಗಳ ದನಿ ಸಣ್ಣಗಾಯಿತು.
ನಮ್ಮ ಹಟ್ಟಿಯಲ್ಲಿ ಹನ್ನೊಂದು ಕುಣಿಮಗ್ಗ.
ಎಂಟರಲ್ಲಿ ಈರುಳ್ಳಿ ತುಂಬಿದ್ದೇವೆ.
ಅದನ್ನು ಯಾರು ಹೇಳುವುದು?
ಅತ್ತೆ ಹೇಳಿದಳು.
"ತಡ ಮಾಡಿದೆ ಮಗಳೆ. ಆದ್ರೂ ಕೂತ್ಕೋ."

ಬೆಳಿಗ್ಗೆ ಸೆಗಣಿ ಬಾಚುತ್ತಿದ್ದೆ.
ಒಳಗಿನಿಂದ ಅತ್ತೆಯ ದನಿ, "ದಿನಾ..."
ಗೋಡೆಯ ಆಚೆ ಕುಣಿಯಲ್ಲಿ
ಉದ್ದ ಕಾಲು ಎಲ್ಲಿಡಬೇಕೋ ತಿಳಿಯದೆ ಕೂತವಳು
ಓ ಎಂದಳು.
ಅಷ್ಟು ಕನ್ನಡ ಅವಳಿಗೆ ಒಂದೇ ರಾತ್ರಿಗೆ ಬಂದಿತ್ತು.

ಜಾಮಿನ ಬಾಟಲಿ ಇನ್ನೂ ಗೂಡಿನಲ್ಲಿದೆ.
ಮುಚ್ಚಳ ಬಲು ಬಿಗಿ.
ಓಬಳೇಶಪ್ಪ ಬಂದಾಗಲೆಲ್ಲ
ಅದರ ಕಡೆ ನೋಡದ ಹಾಗೆ ನೋಡುತ್ತಾನೆ.